ವೇದಿಕೆಯ ಮೇಲಿನ ತಡವರಿಕೆ ಎಷ್ಟು ಜನರಿಗೆ ಕಾಣುತ್ತದೆ?

ಪ್ರಶ್ನೆ: ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಮೈಕಿನ ಮುಂದೆ ನಿಂತೊಡನೆ ಧ್ವನಿ ನಡುಗಿತು, ಹಿಡಿದಿದ್ದ ಚೀಟಿ ಅಲುಗಾಡಿತು, ಗಾಬರಿಯಲ್ಲಿ ಒಬ್ಬ ಅತಿಥಿಯ ಹೆಸರೇ ಬಿಟ್ಟುಹೋಯಿತು. ಅಂದಿನಿಂದ ಸಂಘದವರು ಎದುರಾದಾಗಲೆಲ್ಲ ಅದನ್ನೇ ನೆನೆದು ನಗುತ್ತಿರಬಹುದೆಂಬ ಅಳುಕು. ಜನ ನಿಜಕ್ಕೂ ಇಷ್ಟೆಲ್ಲ ಗಮನಿಸುತ್ತಾರೆಯೇ? ಮುಂದಿನ ಸಭೆಯಲ್ಲಿ ನಾನೇ ಸಮಜಾಯಿಷಿ ಕೊಡುವುದು ಒಳ್ಳೆಯದೇ?

ಉತ್ತರ: ನೀವು ಎಣಿಸಿರುವುದಕ್ಕಿಂತ ತೀರಾ ಕಡಿಮೆ ಜನ ಗಮನಿಸಿರುತ್ತಾರೆ. ವಂದನಾರ್ಪಣೆಯ ಹೊತ್ತಿಗೆ ಅರ್ಧ ಸಭೆ ಎದ್ದು ಊಟದ ಸಾಲಿನ ಕಡೆ ಮುಖ ಮಾಡಿರುತ್ತದೆ ಎಂಬ ಅನುಭವದ ಮಾತನ್ನು ಬದಿಗಿಟ್ಟರೂ, ಹೀಗೆ ಹೇಳಲು ಪ್ರಯೋಗಗಳ ಆಧಾರವಿದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಹೆಸರಾಗಿದೆ. ಒಬ್ಬ ವಿದ್ಯಾರ್ಥಿಗೆ ಗಾಯಕ ಬ್ಯಾರಿ ಮ್ಯಾನಿಲೋ ಅವರ ದೊಡ್ಡ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಉಳಿದವರು ಆಗಲೇ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದ ಕೋಣೆಗೆ ಕಳುಹಿಸುತ್ತಿದ್ದರು. ಆ ಗಾಯಕರ ಅಂಗಿ ತೊಟ್ಟು ತಿರುಗುವುದೆಂದರೆ ಅಂದಿನ ಕಾಲೇಜು ಹುಡುಗರಿಗೆ ನಾಚಿಕೆಯ ಸಂಗತಿ. ಸ್ವಲ್ಪ ಹೊತ್ತಿನಲ್ಲೇ ಆ ವಿದ್ಯಾರ್ಥಿಯನ್ನು ಹೊರಗೆ ಕರೆದು, ನಿಮ್ಮ ಅಂಗಿಯ ಮೇಲೆ ಯಾರ ಚಿತ್ರವಿತ್ತೆಂದು ಒಳಗಿದ್ದವರಲ್ಲಿ ಎಷ್ಟು ಮಂದಿ ಹೇಳಬಲ್ಲರು ಎಂದು ಕೇಳಿದರೆ, ಸುಮಾರು ಅರ್ಧದಷ್ಟು ಮಂದಿ ಎಂಬ ಅಂದಾಜು ಬರುತ್ತಿತ್ತು. ಸರಿಯಾಗಿ ಹೇಳಿದವರು ಸುಮಾರು ಕಾಲು ಭಾಗ ಮಾತ್ರ. ಹೆಮ್ಮೆಯಿಂದ ತೊಡಬಹುದಾದ ಬಾಬ್ ಮಾರ್ಲಿಯಂಥವರ ಚಿತ್ರವಿದ್ದ ಅಂಗಿಗಳನ್ನು ಕೊಟ್ಟಾಗಲೂ ತೊಟ್ಟವರ ಅಂದಾಜು ಅರ್ಧದ ಆಸುಪಾಸಿನಲ್ಲೇ ಇತ್ತು; ಗುರುತಿಸಿದವರು ಮಾತ್ರ ನೂರಕ್ಕೆ ಹತ್ತಕ್ಕಿಂತ ಕಡಿಮೆ. ನಮ್ಮ ಎಡವಟ್ಟು ಗಮನಕ್ಕೆ ಬರುವುದಿಲ್ಲ ಎಂದು ಸಮಾಧಾನ ಪಡುವವರು ನಮ್ಮ ಹೊಸ ಸೀರೆಗೂ ಅದೇ ಗತಿ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇದು ಅಹಂಕಾರದಿಂದ ಆಗುವ ತಪ್ಪಲ್ಲ ಎಂಬುದು ನನಗೆ ಇಲ್ಲಿ ಮುಖ್ಯವಾಗಿ ತೋರುವ ಸಂಗತಿ. ಇತರರಿಗೆ ನಾವು ಹೇಗೆ ಕಾಣುತ್ತೇವೆಂದು ಊಹಿಸುವಾಗ ನಾವು ನಮಗೆ ಗೊತ್ತಿರುವುದರಿಂದಲೇ ಹೊರಡುತ್ತೇವೆ, ಏಕೆಂದರೆ ಹೊರಡಲು ಬೇರೆ ಜಾಗವೇ ಇಲ್ಲ. ಇತರರಿಗೆ ಇಷ್ಟೆಲ್ಲ ಗೊತ್ತಿರಲಾರದು ಎಂಬ ಅರಿವೂ ನಮಗಿರುತ್ತದೆ ಮತ್ತು ಅದಕ್ಕೆ ತಕ್ಕಂತೆ ಅಂದಾಜನ್ನು ಕೆಳಗಿಳಿಸುತ್ತೇವೆ. ಆದರೆ ಇಳಿಸಬೇಕಾದಷ್ಟು ಇಳಿಸುವುದಿಲ್ಲ. ಅದೇ ಸಂಶೋಧಕರು ಇನ್ನೊಂದು ಸಲ ಕೆಲವರಿಗೆ ಅಂಗಿ ತೊಡಿಸಿ, ಅದು ಮೈಗೆ ರೂಢಿಯಾಗುವಷ್ಟು ಹೊತ್ತು ಕಾಯಿಸಿ ಆಮೇಲೆ ಕೋಣೆಗೆ ಕಳುಹಿಸಿದರು. ಅಂಗಿಯ ವಿಚಾರ ಸ್ವತಃ ಅವರ ಮನಸ್ಸಿನಲ್ಲೇ ತುಸು ಹಿಂದೆ ಸರಿದಿದ್ದರಿಂದ, ತಮ್ಮನ್ನು ಗಮನಿಸಿರಬಹುದಾದವರ ಸಂಖ್ಯೆಯನ್ನೂ ಅವರು ಕಡಿಮೆಯಾಗಿಯೇ ಊಹಿಸಿದರು. ನೋಡುವವರ ಕಣ್ಣಿನಲ್ಲಿ ಇದರಿಂದ ಯಾವ ವ್ಯತ್ಯಾಸವೂ ಆಗಿರಲಿಲ್ಲ.

ನಡುಗಿದ ಧ್ವನಿಯ ಮಾತು ಇದಕ್ಕಿಂತ ಸ್ವಲ್ಪ ಬೇರೆ. ಅಂಗಿಯಾದರೆ ಹೊರಗೆ ಕಾಣುವ ವಸ್ತು. ಎದೆಬಡಿತ, ಒಣಗಿದ ಬಾಯಿ, ಅಂಗೈಯ ಬೆವರು ಇವೆಲ್ಲ ಬಹುಪಾಲು ಒಳಗೇ ನಡೆಯುವಂಥವು. ಹಾಗಿದ್ದರೂ ಅವು ನಮಗೆ ಎಷ್ಟು ಜೋರಾಗಿ ಅನುಭವಕ್ಕೆ ಬರುತ್ತವೆಯೆಂದರೆ, ಹೊರಗಿನವರಿಗೂ ಸೋರಿಹೋಗುತ್ತಿವೆ ಎಂದೇ ಭಾಸವಾಗುತ್ತದೆ. ಕೆನೆತ್ ಸವಿಟ್ಸ್ಕಿ ಮತ್ತು ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಮ್ಮಲ್ಲಿ ಕಂಡಿರಬಹುದೆಂದು ಎಣಿಸಿದಷ್ಟು ಗಾಬರಿ ಕೇಳುಗರಿಗೆ ಕಂಡಿರಲಿಲ್ಲ. ಬಳಿಕ ಇನ್ನೊಂದು ಪ್ರಯೋಗದಲ್ಲಿ ಈ ಸಂಶೋಧಕರು ಭಾಷಣಕ್ಕೆ ಮೊದಲೇ ಕೆಲವರಿಗೆ "ಹೆದರಬೇಡಿ, ಗಾಬರಿ ಸಹಜ" ಎಂಬರ್ಥದ ಧೈರ್ಯ ಹೇಳಿದರು. ಇನ್ನು ಕೆಲವರಿಗೆ, ನಿಮ್ಮ ಗಾಬರಿ ನೀವು ತಿಳಿದಷ್ಟು ಹೊರಗೆ ಕಾಣುವುದಿಲ್ಲವೆಂಬ ವಾಸ್ತವವನ್ನು ವಿವರಿಸಿದರು. ಬರಿಯ ಧೈರ್ಯದ ಮಾತಿನಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಎರಡನೆಯ ಗುಂಪಿನವರ ಭಾಷಣ ಮಾತ್ರ ಅವರ ಲೆಕ್ಕದಲ್ಲೂ ಕೇಳುಗರ ಲೆಕ್ಕದಲ್ಲೂ ಉತ್ತಮವಾಗಿತ್ತು. ಗಾಬರಿ ಕಾಣುತ್ತಿದೆ ಎಂಬ ಚಿಂತೆಯೇ ಗಾಬರಿಯನ್ನು ಹೆಚ್ಚಿಸುತ್ತಿತ್ತು. ಆ ಚಿಂತೆ ಕಳಚಿದೊಡನೆ ಮಾತನಾಡುವ ವಿಷಯದ ಕಡೆ ಮನಸ್ಸು ಹರಿಯಲು ಅವಕಾಶವಾಯಿತು. ಭಾಷಣ ಸ್ಪರ್ಧೆಗೆ ಮಕ್ಕಳನ್ನು ಅಣಿಗೊಳಿಸುವ ಮೇಷ್ಟ್ರುಗಳು "ಹೆದರಬೇಡ" ಎನ್ನುವ ಬದಲು ಈ ಮಾತನ್ನು ಹೇಳಿ ನೋಡಬಹುದು.

ಹಾಗಾದರೆ ಜನ ನಮ್ಮನ್ನು ನೋಡುವುದೇ ಇಲ್ಲವೇ? ಹಾಗೆಂದು ಹೇಳಿಬಿಡುವ ಲೇಖನಗಳು ಬೇಕಾದಷ್ಟಿವೆ, ಅದು ಸರಿಯಲ್ಲ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ, ಅಪರಿಚಿತರಿಬ್ಬರನ್ನು ಒಂದು ಕೋಣೆಯಲ್ಲಿ ಸುಮ್ಮನೆ ಕಾಯಲು ಬಿಟ್ಟು, ಆಮೇಲೆ ಬೇರೆ ಬೇರೆ ಕರೆದು ವಿಚಾರಿಸಿದರು. ಒಬ್ಬರು ಇನ್ನೊಬ್ಬರ ಬಗ್ಗೆ ಸಾಕಷ್ಟನ್ನು ಗಮನಿಸಿದ್ದರು. ಆದರೆ ಗಮನಕ್ಕೆ ಒಳಗಾದವರು ತಮ್ಮನ್ನು ಅಷ್ಟು ನೋಡಿರಲಾರರೆಂದೇ ನಂಬಿದ್ದರು. ಮೇಲ್ನೋಟಕ್ಕೆ ಇದು ಟೀ ಶರ್ಟ್ ಪ್ರಯೋಗಕ್ಕೆ ತದ್ವಿರುದ್ಧ. ನಿಜವಾಗಿ ಎರಡೂ ಒಟ್ಟಿಗೆ ನಿಲ್ಲುತ್ತವೆ: ಜನ ನೋಡುತ್ತಾರೆ, ಆದರೆ ನಾವು ಯಾವುದನ್ನು ಮುಚ್ಚಿಡಲು ಒದ್ದಾಡುತ್ತಿರುತ್ತೇವೆಯೋ ಅದನ್ನೇ ನೋಡುತ್ತಾರೆಂಬ ಖಾತರಿಯಿಲ್ಲ. ನೀವು ಚೀಟಿ ಅಲುಗಿದ್ದಕ್ಕೆ ಕುಗ್ಗುತ್ತಿದ್ದಾಗ, ಮುಂದಿನ ಸಾಲಿನವರೊಬ್ಬರು ನಿಮ್ಮ ಕೈಗಡಿಯಾರವನ್ನೋ, ನಿಮ್ಮ ಮಾತಿನಲ್ಲಿ ಇಣುಕಿದ ಧಾರವಾಡದ ಧಾಟಿಯನ್ನೋ ಗಮನಿಸುತ್ತಿದ್ದಿರಬಹುದು.

ತಪ್ಪನ್ನು ಕಂಡವರೂ ಅದನ್ನು ಬಹುಮಟ್ಟಿಗೆ ಕಂಡೂ ಕಾಣದಂತೆ ಇರುತ್ತಾರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಕ್ಷೇತ್ರಕಾರ್ಯ ನಡೆಸಿ, ದಿನನಿತ್ಯದ ಬದುಕಿನಲ್ಲಿ ನಾವು ಒಬ್ಬರೆದುರು ಒಬ್ಬರು ನಮ್ಮನ್ನು ಹೇಗೆ ತೋರಿಸಿಕೊಳ್ಳುತ್ತೇವೆಂಬ ಬಗ್ಗೆ 1950ರ ದಶಕದಲ್ಲಿ ಬರೆದರು. ಅವರ ಬರಹದಲ್ಲಿ ಜನ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ವೇದಿಕೆ, ಪಾತ್ರ, ನೇಪಥ್ಯಗಳ ಮಾತನ್ನು. ಪ್ರೇಕ್ಷಕರ ಬಗ್ಗೆ ಅವರು ಹೇಳಿದ್ದು ಅಷ್ಟೇ ಬೆಲೆಯುಳ್ಳದ್ದು: ಪಾತ್ರಧಾರಿ ತಪ್ಪಿದಾಗ ಪ್ರೇಕ್ಷಕರೇ ಬೇರೆ ಕಡೆ ನೋಡಿ, ಏನೂ ಆಗಿಲ್ಲವೆಂಬಂತೆ ವರ್ತಿಸಿ, ಸಂದರ್ಭವನ್ನು ಉಳಿಸುತ್ತಾರೆ. ನೀವು ಮುಂದಿನ ಸಭೆಯಲ್ಲಿ ಸಮಜಾಯಿಷಿ ಕೊಟ್ಟರೆ, ಗಮನಿಸದವರಿಗೆ ಹೊಸದಾಗಿ ತಿಳಿಸಿದಂತಾಗುತ್ತದೆ, ಗಮನಿಸಿಯೂ ಸುಮ್ಮನಿದ್ದವರ ಸೌಜನ್ಯವನ್ನು ವ್ಯರ್ಥ ಮಾಡಿದಂತಾಗುತ್ತದೆ. ಬಿಟ್ಟುಹೋದ ಹೆಸರಿನ ವಿಷಯ ಮಾತ್ರ ಹಾಗಲ್ಲ. ಇಡೀ ಸಭೆಯಲ್ಲಿ ಬೇರಾರು ಗಮನಿಸದಿದ್ದರೂ ಆ ಅತಿಥಿ ಗಮನಿಸಿಯೇ ಇರುತ್ತಾರೆ, ಏಕೆಂದರೆ ಅವರಿಗೂ ಅವರ ಹೆಸರೇ ಎಲ್ಲಕ್ಕಿಂತ ದೊಡ್ಡದಾಗಿ ಕೇಳಿಸುವಂಥದ್ದು. ಅವರೊಬ್ಬರಿಗೆ ಫೋನ್ ಮಾಡಿ ಎರಡು ಮಾತಿನಲ್ಲಿ ಕ್ಷಮೆ ಕೇಳಿದರೆ ಸಾಕು.

ಇಷ್ಟು ಹೇಳಿದ ಮೇಲೂ ಒಂದು ಅಪವಾದವನ್ನು ಬಿಡುವಂತಿಲ್ಲ. ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದರ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿನ ಮಾರಾಟ ವಿಭಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಗಂಡಸರ ನಡುವೆ ಇದ್ದ ಬೆರಳೆಣಿಕೆಯ ಹೆಂಗಸರ ಮೇಲೆ ಎಲ್ಲರ ಕಣ್ಣೂ ನಿಜವಾಗಿಯೇ ಇತ್ತು: ಅವರ ಉಡುಪು, ಮಾತು, ತಪ್ಪು ಎಲ್ಲವೂ ಚರ್ಚೆಗೆ ಬರುತ್ತಿತ್ತು, ಒಬ್ಬಳ ಸೋಲನ್ನು ಹೆಂಗಸರೆಲ್ಲರ ಸೋಲೆಂದು ಎಣಿಸಲಾಗುತ್ತಿತ್ತು. ಗುಂಪಿನಲ್ಲಿ ತನ್ನಂಥವರು ತಾನೊಬ್ಬಳೇ ಅಥವಾ ತಾನೊಬ್ಬನೇ ಎಂಬ ಸ್ಥಿತಿಯಲ್ಲಿರುವವರಿಗೆ, ಅದು ಲಿಂಗದ ಕಾರಣಕ್ಕಿರಲಿ, ಜಾತಿಯ ಕಾರಣಕ್ಕಿರಲಿ, "ಯಾರೂ ನಿಮ್ಮನ್ನು ನೋಡುತ್ತಿಲ್ಲ" ಎಂದು ಬುದ್ಧಿ ಹೇಳುವುದು ಅವರ ಅನುಭವವನ್ನೇ ಅಲ್ಲಗಳೆದಂತೆ. ಕ್ಯಾಂಟರ್ ಸೂಚಿಸಿದ ಪರಿಹಾರವೂ ವ್ಯಕ್ತಿಯ ಮನಸ್ಸಿಗೆ ಸಂಬಂಧಿಸಿದ್ದಾಗಿರಲಿಲ್ಲ; ಅಂಥವರ ಸಂಖ್ಯೆಯನ್ನು ಹೆಚ್ಚಿಸಿ ಎಂದೇ ಅವರು ಸಂಸ್ಥೆಗಳಿಗೆ ಹೇಳಿದ್ದರು.