ಪದಾರ್ಪಣೆ: ಕಾಲಿಡದೆ ಆಗುವಂಥದ್ದಲ್ಲ

ಮ್ಯಾಥೈಸ್ ಡಿ ಲಿಖ್ಟ್ ಎಂಬ ಡಚ್ ಫುಟ್‌ಬಾಲ್ ಆಟಗಾರನ ಆರಂಭದ ದಿನಗಳ ಬಗ್ಗೆ ಮೊನ್ನೆ ಕನ್ನಡದಲ್ಲಿ ಒಂದು ಬರಹ ಓದಿದೆ. ಆತ ಒಂಬತ್ತನೇ ವಯಸ್ಸಿನಲ್ಲಿ ಹಾಲೆಂಡಿನ ಅಯಾಕ್ಸ್ ಕ್ಲಬ್‌ಗೆ ‘ಪದಾರ್ಪಣೆ’ ಮಾಡಿದನಂತೆ. ಹದಿನೇಳರಲ್ಲಿ ಅದೇ ಅಯಾಕ್ಸ್‌ಗೆ ‘ಚೊಚ್ಚಲ ಪದಾರ್ಪಣೆ’. ಹದಿನೆಂಟರಲ್ಲಿ ‘ನಾಯಕತ್ವಕ್ಕೆ ಪದಾರ್ಪಣೆ’. 2019ರ ಜುಲೈ 18ರಂದು, ಇಟಲಿಯ ಜುವೆಂಟಸ್ ಕ್ಲಬ್ಬಿನ ಕರಾರಿಗೆ ಸಹಿ ಬಿದ್ದ ದಿನ, ‘ಜುವೆಂಟಸ್‌ಗೆ ಪದಾರ್ಪಣೆ’. ಒಂದೇ ಬರಹದಲ್ಲಿ ಒಂದೇ ಪದಕ್ಕೆ ನಾಲ್ಕು ಕೆಲಸ, ಅದರಲ್ಲಿ ಮೂರು ಅದರದ್ದಲ್ಲ. ಇಂಥದ್ದನ್ನು ಇಷ್ಟು ವರ್ಷ ಕಂಡೂ ಕಾಣದಂತೆ ದಾಟಿ ಹೋಗಿದ್ದೇನೆ. ಈ ಸಲ ಆಗಲಿಲ್ಲ.

ಈ ಪದದ ಸುದ್ದಿ ಎತ್ತಿದರೆ ಸಾಕು, ‘ಪದಾರ್ಪಣೆ’ ತಪ್ಪು, ‘ಪಾದಾರ್ಪಣೆ’ ಸರಿ ಎಂದು ತಿದ್ದಲು ಒಬ್ಬರಾದರೂ ಬರುತ್ತಾರೆ. ಅವರಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಪಾದವೂ ಕಾಲೇ, ಪದವೂ ಕಾಲೇ. ಸಂಸ್ಕೃತದಲ್ಲಿ ‘ಪದ’ಕ್ಕೆ ಹೆಜ್ಜೆ ಎಂಬ ಅರ್ಥವಿದೆ. ನಂಬಿಕೆ ಬರದಿದ್ದರೆ ನಿಮ್ಮ ಮದುವೆಯನ್ನೇ ನೆನೆಯಿರಿ: ಸಪ್ತಪದಿಯಲ್ಲಿ ನೀವು ತುಳಿದದ್ದು ಏಳು ಹೆಜ್ಜೆ, ಉಚ್ಚರಿಸಿದ್ದು ಏಳು ಶಬ್ದವಲ್ಲ. ಪದ + ಅರ್ಪಣೆ, ಪಾದ + ಅರ್ಪಣೆ, ಎರಡೂ ಸವರ್ಣದೀರ್ಘ ಸಂಧಿ, ಎರಡೂ ಸಾಧು. ಬಳಕೆಯಲ್ಲಿ ಗೆದ್ದಿರುವುದು ಗಿಡ್ಡನೆಯದು, ಅಷ್ಟೇ.

ತೊಡಕು ಇರುವುದು ಅರ್ಧ ಭಾಗ ದಾಟಿದ ಮೇಲೆ, ‘ಅರ್ಪಣೆ’ಯಲ್ಲಿ. ಅರ್ಪಣೆ ಎಂದೊಡನೆ ನಮ್ಮ ಕಿವಿಗೆ ಗುಡಿಯ ಗಂಟೆ ಕೇಳುತ್ತದೆ. ಹೂವು ಅರ್ಪಣೆ, ಕಾಣಿಕೆ ಅರ್ಪಣೆ, ‘ತಂದೆತಾಯಿಯರಿಗೆ ಅರ್ಪಣೆ’ ಎಂದು ಪುಸ್ತಕದ ಮೊದಲ ಪುಟ. ಹಾಗಾಗಿ ಆಟಗಾರ ತನ್ನನ್ನು ಕ್ಲಬ್ಬಿಗೆ ಒಪ್ಪಿಸಿಕೊಂಡ ದಿನವೇ ಪದಾರ್ಪಣೆ ಎಂಬ ಭಾವ ಹುಟ್ಟಿಕೊಂಡಿರಬೇಕು. ಸಹಿ ಹಾಕಿದ ಸುದ್ದಿಗೆ ಈ ಪದ ಅಂಟಿಕೊಂಡದ್ದು ಇದೇ ದಾರಿಯಲ್ಲಿ ಎಂಬುದು ನನ್ನ ಗುಮಾನಿ. ಆದರೆ ‘ಅರ್ಪಿಸು’ ಎಂಬುದರ ಮೂಲದಲ್ಲಿ ‘ಇಡು, ಇರಿಸು’ ಎಂಬ ಅರ್ಥವಿದೆ. ಕಾಳಿದಾಸನ ರಘುವಂಶದ ಎರಡನೇ ಸರ್ಗದಲ್ಲಿ ದಿಲೀಪ ರಾಜನ ಎದುರು ನಿಂತ ಸಿಂಹ, ಕುಂಭೋದರ, ತನ್ನ ಪರಿಚಯ ಹೇಳಿಕೊಳ್ಳುತ್ತದಲ್ಲ, ಅಲ್ಲಿ ಈ ಪದವಿದೆ. ಶಿವ ನಂದಿಯನ್ನು ಏರಬೇಕಾದರೆ ಮೊದಲು ಈ ಸಿಂಹದ ಬೆನ್ನ ಮೇಲೆ ಕಾಲಿಡುತ್ತಾನೆ. ಆ ‘ಪಾದಾರ್ಪಣ’ದ ಅನುಗ್ರಹದಿಂದ ತನ್ನ ಬೆನ್ನು ಪವಿತ್ರವಾಯಿತು ಎನ್ನುತ್ತದೆ ಸಿಂಹ. ಅಲ್ಲಿ ಯಾರೂ ಯಾರಿಗೂ ಏನನ್ನೂ ಅರ್ಪಿಸಿಲ್ಲ. ಕಾಲು ಇಟ್ಟದ್ದು, ಮುಗಿಯಿತು. (ಡಚ್ ತಂಡದ ಅಂಗಿಯ ಮೇಲಿರುವುದೂ ಸಿಂಹವೇ. ಸಂಬಂಧವೇನಿಲ್ಲ, ನೆನಪಾಯಿತು.)

ಅಚ್ಚಗನ್ನಡದಲ್ಲಿ ಹೇಳಿದರೆ ಪದಾರ್ಪಣೆ ಎಂದರೆ ಕಾಲಿಡುವುದು. ಕಾಲಿಡಲು ಒಂದು ನೆಲ ಬೇಕು. ‘ಎಲ್ಲಿಗೆ?’ ಎಂದು ಕೇಳಿದರೆ ಉತ್ತರ ಸಿಗಬೇಕು. ಈ ಪದ ಚತುರ್ಥಿ ವಿಭಕ್ತಿಯನ್ನು, ಅಂದರೆ ‘ಗೆ’, ‘ಕ್ಕೆ’ಗಳನ್ನು, ಬೇಡುವುದು ಅದಕ್ಕೇ. ಕ್ರಿಕೆಟ್‌ನಲ್ಲಿ ನಮಗೆ ಇದು ಯಾವತ್ತೂ ಗೊಂದಲವಾಗಿಲ್ಲ. ದ್ರಾವಿಡ್ 1996ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ಏಕದಿನಕ್ಕೆ, ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿದರು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಫುಟ್‌ಬಾಲ್ ಎಂದ ಕೂಡಲೇ ಅದೇ ಜನ ಎಡವುತ್ತಾರೆ.

ಡಿ ಲಿಖ್ಟ್‌ನದ್ದನ್ನೇ ನೋಡಿ. ಒಂಬತ್ತರ ವಯಸ್ಸಿನಲ್ಲಿ ಅಬ್ಕೌಡ ಎಂಬ ಸಣ್ಣ ಊರಿನ ಕ್ಲಬ್ ಬಿಟ್ಟು ಅಯಾಕ್ಸ್‌ನ ಅಕಾಡೆಮಿಗೆ ಬಂದ. ಅಲ್ಲಿನ ಮಕ್ಕಳ ತರಬೇತಿ ಮೈದಾನದ ಹೆಸರು ‘ಡೆ ಟೂಕೊಮ್ಸ್ಟ್’, ಅಂದರೆ ‘ಭವಿಷ್ಯ’. ಇದು ಸೇರ್ಪಡೆ. ಮಗುವನ್ನು ಶಾಲೆಗೆ ಸೇರಿಸಿದ್ದನ್ನು ಶಿಕ್ಷಣಕ್ಷೇತ್ರಕ್ಕೆ ಪದಾರ್ಪಣೆ ಎನ್ನುತ್ತೇವೆಯೇ? 2016ರ ಆಗಸ್ಟ್‌ನಲ್ಲಿ, ಹದಿನೇಳು ತುಂಬುವ ಕೆಲವೇ ದಿನ ಮೊದಲು, ಎಮ್ಮೆನ್ ವಿರುದ್ಧ ಯೋಂಗ್ ಅಯಾಕ್ಸ್ ಪರ ಆಡಿದ. ಯೋಂಗ್ ಅಯಾಕ್ಸ್ ಎಂದರೆ ಕ್ಲಬ್ಬಿನ ಕಿರಿಯರ ತಂಡ; ಆದರೂ ಅದು ಆಡುವುದು ಹಾಲೆಂಡಿನ ಎರಡನೇ ದರ್ಜೆಯ ವೃತ್ತಿಪರ ಲೀಗ್‌ನಲ್ಲಿ. ಆದ್ದರಿಂದ ಇದು ವೃತ್ತಿಪರ ಫುಟ್‌ಬಾಲ್‌ಗೆ ಪದಾರ್ಪಣೆ, ಅಯಾಕ್ಸ್‌ನ ಹಿರಿಯ ತಂಡಕ್ಕಲ್ಲ. ಹಿರಿಯರ ತಂಡಕ್ಕೆ ಆದದ್ದು ಸೆಪ್ಟೆಂಬರ್ 21ರಂದು, ಡಚ್ ಕಪ್ ಟೂರ್ನಿಯಲ್ಲಿ ವಿಲ್ಲೆಮ್ II ಎಂಬ ಕ್ಲಬ್ಬಿನ ವಿರುದ್ಧ. 5–0 ಗೆಲುವು, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಈತನದೂ ಒಂದು ಗೋಲು. ಅಲ್ಲಿಗೂ ಮೊದಲ ದರ್ಜೆಯ ಲೀಗ್‌ಗೆ ಆಗಿರಲಿಲ್ಲ. ಅದಕ್ಕೆ ನವೆಂಬರ್ ಬರಬೇಕಾಯಿತು. ಒಬ್ಬನೇ ಹುಡುಗ, ನಾಲ್ಕು ತಿಂಗಳಲ್ಲಿ ಮೂರು ಪದಾರ್ಪಣೆ, ಮೂರೂ ನಿಜ. ಯಾವುದಕ್ಕೆ ಎಂದು ಹೇಳದಿದ್ದರೆ ಮಾತ್ರ ಸುಳ್ಳು.

‘ಚೊಚ್ಚಲ ಪದಾರ್ಪಣೆ’ ಬಗ್ಗೆ ಹೆಚ್ಚು ಹೇಳಲಾರೆ, ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಚೊಚ್ಚಲ ಬಾಣಂತನದ ಮನೆಯ ಮಾತು: ಚೊಚ್ಚಲ ಬಸುರಿ, ಚೊಚ್ಚಲ ಹೆರಿಗೆ, ಚೊಚ್ಚಲ ಮಗು. ಇದರ ಹಿಂದೆ ಎರಡನೆಯದು, ಮೂರನೆಯದು ಬರಬಹುದಾದ್ದಕ್ಕೆ ಅದು ಹೊಂದುತ್ತದೆ. ವಿಲ್ಲೆಮ್ II ವಿರುದ್ಧದ್ದು ಅಯಾಕ್ಸ್ ಪರ ಅವನ ಚೊಚ್ಚಲ ಗೋಲು. ಇದು ಸೊಗಸಾದ ಬಳಕೆ. ಒಂದು ನೆಲಕ್ಕೆ ಮೊದಲ ಸಲ ಕಾಲಿಡುವುದು ಒಂದೇ ಸಲ, ಅದಕ್ಕೆ ಮತ್ತೆ ಚೊಚ್ಚಲ ಯಾಕೆ?

ನಾಯಕತ್ವದ್ದೂ ಹಾಗೆಯೇ. 2018ರ ಮಾರ್ಚ್‌ನಲ್ಲಿ ಆಗಿನ ನಾಯಕ ಯೊಯೆಲ್ ವೆಲ್ಟ್‌ಮನ್ ಗಾಯಗೊಂಡಾಗ ನಾಯಕನ ತೋಳಪಟ್ಟಿ ಹದಿನೆಂಟರ ಈ ಹುಡುಗನಿಗೆ ಬಂತು. ಕನ್ನಡದಲ್ಲಿ ನಾಯಕತ್ವ ವಹಿಸುತ್ತಾರೆ, ಹೊರುತ್ತಾರೆ, ಅದರೊಳಕ್ಕೆ ಕಾಲಿಡುವುದಿಲ್ಲ.

ಪದಾರ್ಪಣೆ ಶುಭವೇ ಆಗಬೇಕೆಂದೂ ಇಲ್ಲ. 2017ರ ಮಾರ್ಚ್ 25ರಂದು ಸೋಫಿಯಾದಲ್ಲಿ ಬಲ್ಗೇರಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ಲೀಗ್‌ನಲ್ಲಿ ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದ ಹದಿನೇಳರವನನ್ನು ಕೋಚ್ ಡ್ಯಾನಿ ಬ್ಲಿಂಡ್ ನೇರ ರಾಷ್ಟ್ರೀಯ ತಂಡಕ್ಕಿಳಿಸಿದರು. ಮೊದಲಾರ್ಧ ಮುಗಿಯುವಷ್ಟರಲ್ಲಿ ಎರಡು ಗೋಲು ಬಿದ್ದಿದ್ದವು, ವಿರಾಮದಲ್ಲಿ ಹುಡುಗನನ್ನು ವಾಪಸ್ ಕರೆಸಿಕೊಂಡರು, 0–2ರಲ್ಲಿ ಸೋತರು, ಮರುದಿನ ಬ್ಲಿಂಡ್ ಕೆಲಸವೇ ಹೋಯಿತು. ನಮ್ಮ ಅಜ್ಜಿಯಂದಿರು ಕಾಲ್ಗುಣ ಎನ್ನುತ್ತಿದ್ದರೇನೋ. ಎರಡೇ ತಿಂಗಳಿಗೆ, ಮೇ 24ರಂದು, ಅದೇ ಹುಡುಗ ಸ್ಟಾಕ್‌ಹೋಮ್‌ನಲ್ಲಿ ಯುರೋಪಾ ಲೀಗ್ ಫೈನಲ್ ಆಡಿದ.

ಇನ್ನು ಜುವೆಂಟಸ್. ಜುಲೈ 18ಕ್ಕೆ 75 ಮಿಲಿಯನ್ ಯೂರೋದ ವರ್ಗಾವಣೆ. ಅದೇ ತಿಂಗಳು ಏಷ್ಯಾ ಪ್ರವಾಸದ ಸೌಹಾರ್ದ ಪಂದ್ಯಗಳಲ್ಲಿ ಆಡಿದ. ಕ್ಲಬ್‌ಗಳ ಸೌಹಾರ್ದ ಪಂದ್ಯ ಲೆಕ್ಕಕ್ಕಿಲ್ಲ. (ದೇಶದ ತಂಡದ್ದು ಲೆಕ್ಕಕ್ಕಿದೆ. ಇದನ್ನು ಮರೆತು ವಾದಕ್ಕಿಳಿಯಬೇಡಿ.) ಆಗಸ್ಟ್ 24ರಂದು ಪಾರ್ಮಾ ವಿರುದ್ಧ ಋತುವಿನ ಮೊದಲ ಪಂದ್ಯದಲ್ಲಿ ಇಡೀ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಕೂತವನು ಕಾಲಿಟ್ಟಂತಲ್ಲ. ಅಷ್ಟರಲ್ಲಿ ತಂಡದ ಹಿರಿಯ ರಕ್ಷಣಾ ಆಟಗಾರ ಕಿಯೆಲ್ಲಿನಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಆಗಸ್ಟ್ 31ರಂದು ನಾಪೊಲಿ ವಿರುದ್ಧ ಅವರ ಜಾಗಕ್ಕೆ ಈತ ಕಣಕ್ಕಿಳಿದ. 3–0 ಮುಂದಿದ್ದ ತಂಡ 3–3ಕ್ಕೆ ಕುಸಿದು, ಕೊನೆಗೆ ಎದುರಾಳಿಯ ಸ್ವಂತ ಗೋಲಿನಿಂದ 4–3ರಲ್ಲಿ ಬಚಾವಾಯಿತು. ಪದಾರ್ಪಣೆ ಆದದ್ದು ಆ ಸಂಜೆ, ಸಹಿ ಹಾಕಿ 44 ದಿನಗಳಾದ ಮೇಲೆ.