ಫೆಬ್ರವರಿ ಹರಳನ್ನು ಕಾಯಿಸಿದರೆ ನವೆಂಬರ್ ಹರಳು

ಜನ್ಮತಿಂಗಳ ಹರಳುಗಳಲ್ಲಿ ಫೆಬ್ರವರಿಗೆ ನೇರಳೆ ಅಮೆಥಿಸ್ಟ್, ನವೆಂಬರ್‌ಗೆ ಹಳದಿ ಸಿಟ್ರಿನ್. ಖನಿಜ ಮಾತ್ರ ಒಂದೇ, ಸ್ಫಟಿಕ ಶಿಲೆ. ಅಮೆಥಿಸ್ಟನ್ನು ಕುಲುಮೆಯಲ್ಲಿಟ್ಟು ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗೆ ನಿಧಾನವಾಗಿ ಕಾಯಿಸಿದರೆ ಅದರೊಳಗಿನ ಕಬ್ಬಿಣದ ಸ್ಥಿತಿ ಬದಲಾಗಿ ಬಣ್ಣ ಹಳದಿಗೆ ತಿರುಗುತ್ತದೆ. ಮಾರುಕಟ್ಟೆಯ ಸಿಟ್ರಿನ್‌ನಲ್ಲಿ ಬಹುಪಾಲು ಹೀಗೆ ಬಂದದ್ದೇ. ಅವಸರದಿಂದ ಬಿಸಿ ಏರಿಸಿದರೆ ಹರಳು ಬಿರಿಯುತ್ತದೆ.

ಜುಲೈನ ಮಾಣಿಕ್ಯ, ಸೆಪ್ಟೆಂಬರ್‌ನ ನೀಲಮಣಿ ಎರಡೂ ಅಲ್ಯೂಮಿನಿಯಂ ಆಕ್ಸೈಡ್. ತುಸು ಕ್ರೋಮಿಯಂ ಬೆರೆತರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾದರೆ ನೀಲಿ. ಈಗ ಬಳಕೆಯಲ್ಲಿರುವ ಪಟ್ಟಿಗೆ 1912ರಲ್ಲಿ ರೂಪ ಕೊಟ್ಟವರು ಅಮೆರಿಕದ ಆಭರಣ ವ್ಯಾಪಾರಿಗಳು. ಖನಿಜಶಾಸ್ತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. 1967ರಲ್ಲಷ್ಟೇ ಬೆಳಕಿಗೆ ಬಂದ ಟಾಂಜನೈಟ್ ಎಂಬ ನೀಲಿ-ನೇರಳೆ ಹರಳು 2002ರಲ್ಲಿ ಡಿಸೆಂಬರ್‌ಗೆ ಸೇರಿಕೊಂಡಿತು.

ಹಾಗಾಗಿ ಧರಿಸುವವರು ತಿಂಗಳಿಗಿಂತ ಹರಳಿನ ಗುಣ ತಿಳಿದಿರುವುದು ಮೇಲು. ಮೇ ತಿಂಗಳ ಪಚ್ಚೆಯನ್ನೇ ನೋಡಿ. ಗೀರು ತಡೆಯುವ ಶಕ್ತಿಯನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರ ಗಡಸುತನ 7.5ರಿಂದ 8, ಆದರೆ ಒಳಗೆಲ್ಲ ಕೂದಲೆಳೆಯಂಥ ಬಿರುಕು. ಬಿರುಕಿನಲ್ಲಿ ಗಾಳಿಯಿದ್ದರೆ ಬೆಳಕು ಪ್ರತಿಫಲಿಸಿ ಬೆಳ್ಳಗೆ ಕಾಣುತ್ತದೆ. ಅದನ್ನು ಮರೆಮಾಚಲು ಬಿರುಕಿಗೆ ದೇವದಾರು ಎಣ್ಣೆ ತುಂಬುತ್ತಾರೆ. ಬೆಳಕು ಎಷ್ಟು ಬಾಗುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ಪಚ್ಚೆಗೆ ಸುಮಾರು 1.58, ಈ ಎಣ್ಣೆಗೆ 1.51ರ ಆಸುಪಾಸು. ಎರಡೂ ಹತ್ತಿರವಿರುವುದರಿಂದ ಎಣ್ಣೆ ತುಂಬಿದೊಡನೆ ಬಿರುಕು ಬಹುತೇಕ ಕಣ್ಮರೆ. ಇಂಥ ಉಂಗುರವನ್ನು ಧ್ವನಿಕಂಪನದಿಂದ ಆಭರಣ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೋ ಬಿಸಿ ಹಬೆಗೋ ಒಡ್ಡಿದರೆ ಎಣ್ಣೆ ಹೊರಬಂದು ಬಿಳಿ ಗೆರೆಗಳು ಮತ್ತೆ ಮೂಡುತ್ತವೆ. ಕೆಲವೊಮ್ಮೆ ಬಿರುಕೇ ಹಿಗ್ಗುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್ ಸಾಕು, ನೆನೆಹಾಕಬೇಡಿ.

ಅಕ್ಟೋಬರ್‌ನ ಓಪಲ್‌ನಲ್ಲಿ ಸಾಮಾನ್ಯವಾಗಿ ಶೇ. 6ರಿಂದ 10ರಷ್ಟು ನೀರಿರುತ್ತದೆ. ಉರಿಯುವ ದೀಪದ ಕೆಳಗೆ ಇಟ್ಟರೆ ಅದು ಒಣಗಿ ಮೈತುಂಬ ಬಿರುಕು ಬಿಡಬಹುದು. ಜೂನ್‌ನ ಮುತ್ತು ಕ್ಯಾಲ್ಸಿಯಂ ಕಾರ್ಬೊನೇಟ್, ನಿಂಬೆರಸ ತಗಲಿದರೂ ಮೈ ಮಂಕಾಗುತ್ತದೆ. ಸೆಂಟು ಹಚ್ಚಿಕೊಂಡು ಅದು ಆರಿದ ಮೇಲೆ ಧರಿಸಿ, ತೆಗೆದಾಗ ಒದ್ದೆ ಬಟ್ಟೆಯಿಂದ ಒರೆಸಿ.

ಗಡಸು ಅಂದರೆ ಒಡೆಯದು ಎಂದಲ್ಲ. ನವೆಂಬರ್‌ನ ಇನ್ನೊಂದು ಹರಳು ಟೋಪಾಜ್‌ನ ಗಡಸುತನ 8. ಆದರೂ ಸೀಳುವ ದಿಕ್ಕಿಗೆ ಸರಿಯಾಗಿ ಒಂದು ಪೆಟ್ಟು ಬಿದ್ದರೆ ಚಾಕುವಿನಿಂದ ಕೊಯ್ದಂತೆ ಎರಡಾಗುತ್ತದೆ. ಟಾಂಜನೈಟ್‌ಗೆ ಧೂಳೇ ಶತ್ರು: ಧೂಳಿನಲ್ಲಿರುವ ಸ್ಫಟಿಕದ ಕಣದ ಗಡಸುತನ 7, ಇದರದು 6ರಿಂದ 7. ಒಣಬಟ್ಟೆಯಿಂದ ಉಜ್ಜಿದಷ್ಟೂ ಅಂಚು ಸವೆಯುತ್ತದೆ. ಮೊದಲು ನೀರಲ್ಲಿ ಧೂಳು ತೊಳೆದು ಆಮೇಲೆ ಒರೆಸಬೇಕು.