ರೈತರ ಹೊಲವೇ ಪ್ರಯೋಗಶಾಲೆ: ಟ್ರೈಕಾಟ್ ವಿಧಾನದ ಟಿಪ್ಪಣಿ

ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿ ರೈತರ ಹೊಲದಲ್ಲಿ ಸೋಲುವುದುಂಟು. ಕೇಂದ್ರದಲ್ಲಿ ಗೊಬ್ಬರ, ಕಳೆ ಕೀಳುವುದು ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಮುಖ್ಯವಾಗಿ ಅಳೆಯುವುದು ಕಾಳಿನ ಇಳುವರಿ. ದನಕ್ಕೆ ಹುಲ್ಲು ಸಾಕಾಗುತ್ತದೆಯೇ, ಮುದ್ದೆ ಹೇಗಾಗುತ್ತದೆ ಎಂಬುದನ್ನು ಬೆಳೆದು ಉಂಡವರೇ ಹೇಳಬೇಕು. ಅವರ ತೀರ್ಪನ್ನು ಲೆಕ್ಕಕ್ಕೆ ಸಿಗುವ ದತ್ತಾಂಶವಾಗಿಸುವ ಒಂದು ದಾರಿ ಟ್ರೈಕಾಟ್, ಅಂದರೆ ಮೂರು ಮೂರರ ಹೋಲಿಕೆ: ಒಬ್ಬೊಬ್ಬ ರೈತರೂ ಮೂರೇ ತಳಿ ಬೆಳೆದು ಹೋಲಿಸುತ್ತಾರೆ, ಎಲ್ಲರ ಹೋಲಿಕೆಗಳನ್ನು ಒಟ್ಟುಗೂಡಿಸಲಾಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಗೋಧಿ, ಇಥಿಯೋಪಿಯಾದ ಗೋಧಿ, ನಿಕರಾಗುವಾದ ಹುರುಳಿಕಾಯಿ ಜಾತಿಯ ಕಾಳು, ಇವುಗಳ 12,409 ತಾಕುಗಳ ಮಾಹಿತಿಯನ್ನು ಈ ವಿಧಾನದಿಂದ ಕಲೆಹಾಕಿ, ಹವಾಮಾನದ ಲೆಕ್ಕದೊಡನೆ ಜೋಡಿಸಿತು.

ಲೆಕ್ಕ

ಹತ್ತು ರಾಗಿ ತಳಿಗಳಿವೆ ಎಂದುಕೊಳ್ಳಿ. ಹತ್ತನ್ನೂ ಒಬ್ಬರೇ ಬೆಳೆದು ಹೋಲಿಸುವುದು ಕಷ್ಟ; ಮೂರನ್ನಾದರೆ ಯಾರು ಬೇಕಾದರೂ ಹೋಲಿಸಬಲ್ಲರು. ಯಾವುದು ಎಲ್ಲಕ್ಕಿಂತ ಒಳ್ಳೆಯದು, ಯಾವುದು ಎಲ್ಲಕ್ಕಿಂತ ಕೆಟ್ಟದ್ದು ಎಂಬ ಎರಡೇ ಪ್ರಶ್ನೆಗೆ ಮೂರರ ಪೂರ್ತಿ ಕ್ರಮ ಸಿಕ್ಕಿಬಿಡುತ್ತದೆ. ಹತ್ತರಲ್ಲಿ ಮೂರನ್ನು ಆರಿಸುವ ಬಗೆ 120. ಹಾಗಾಗಿ 120 ರೈತರಿಗೆ ಒಂದೊಂದು ಗುಂಪು ಕೊಟ್ಟರೆ ಪ್ರತಿ ತಳಿ 36 ಹೊಲ ಕಾಣುತ್ತದೆ, ಯಾವ ಎರಡು ತಳಿಗಳೂ 8 ಹೊಲಗಳಲ್ಲಿ ಎದುರುಬದುರಾಗುತ್ತವೆ. ಈ ಕ್ರಮಗಳನ್ನೆಲ್ಲ ಪ್ಲಾಕೆಟ್-ಲೂಸ್ ಎಂಬ, ಕ್ರಮಗಳನ್ನು ಒಟ್ಟುಗೂಡಿಸುವ ಸಂಖ್ಯಾಶಾಸ್ತ್ರದ ಮಾದರಿಗೆ ಹಾಕಿದರೆ ಪ್ರತಿ ತಳಿ ಮೊದಲ ಸ್ಥಾನ ಪಡೆಯುವ ಸಂಭವ ಎಷ್ಟೆಂದು ಬರುತ್ತದೆ. ಹತ್ತೂ ಸಮನಾಗಿದ್ದರೆ ಪ್ರತಿಯೊಂದಕ್ಕೂ 0.10.

ಹೊಲದಲ್ಲಿ

ಎಕರೆಗೆ 4-5 ಕೆ.ಜಿ. ಬಿತ್ತನೆಯ ಲೆಕ್ಕದಲ್ಲಿ 20 ಚದರ ಮೀಟರ್ ತಾಕಿಗೆ 20-25 ಗ್ರಾಂ ಬೀಜ ಬೇಕು. ಪೊಟ್ಟಣದ ಮೇಲೆ ತಳಿಯ ಹೆಸರು ಬರೆಯಬಾರದು. ಎ, ಬಿ, ಸಿ ಎಂದಷ್ಟೇ ಇರಲಿ. ಹೆಸರು ಕೇಳಿದ ಕೂಡಲೇ ಅಭಿಪ್ರಾಯ ವಾಲುತ್ತದೆ. ಯಾರಿಗೆ ಯಾವ ಮೂರು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸಬೇಕು. 'ಇವರು ಒಳ್ಳೆಯ ರೈತರು, ಇವರಿಗೆ ಈ ತಳಿ ಇರಲಿ' ಎಂದು ಕೈಯಾರೆ ಹಂಚಿದರೆ ತಳಿಯ ಗುಣ ಯಾವುದು, ಹೊಲದ ಗುಣ ಯಾವುದು ಎಂದು ಬಿಡಿಸಲಾಗದು.

ಹೆಚ್ಚು ಕೆಡುವುದು ಬಿತ್ತನೆಯ ದಿನ. ಕೂರಿಗೆಯಲ್ಲಿ ಉಳಿದ ಕಾಳು ಮುಂದಿನ ತಾಕಿಗೆ ಬಿದ್ದು ತಳಿಗಳು ಬೆರೆಯುತ್ತವೆ. ಪ್ರತಿ ಪೊಟ್ಟಣದ ನಂತರ ಕೂರಿಗೆ ಖಾಲಿ ಮಾಡಬೇಕು, ಇಲ್ಲವೇ ಕೈಯಲ್ಲೇ ಸಾಲು ಬಿತ್ತಬೇಕು. ಒಂದು ತಾಕು ಮರದ ನೆರಳಿಗೋ ತಿಪ್ಪೆಯಿದ್ದ ಜಾಗಕ್ಕೋ ಸಿಕ್ಕರೆ ಹೋಲಿಕೆಯೇ ಸುಳ್ಳಾಗುತ್ತದೆ. ಮೂರಕ್ಕೂ ಗೊಬ್ಬರ, ಕಳೆ, ಬಿತ್ತುವ ದಿನ ಒಂದೇ ಇರಬೇಕು. ಅದು ರೈತರ ವಾಡಿಕೆಯಂತೆಯೇ ಇರಲಿ, ಕೇಂದ್ರದ ಶಿಫಾರಸಿನಂತಲ್ಲ. ಗೂಟ ಕಿತ್ತುಹೋಗುವುದು ಸಾಮಾನ್ಯ, ಆದ್ದರಿಂದ ತಾಕುಗಳ ಚಿತ್ರ ಬರೆದು ಮನೆಯಲ್ಲೂ ಒಂದು ಪ್ರತಿ ಇಡಬೇಕು.

ಪ್ರಶ್ನೆಗಳನ್ನು ಕೊಯ್ಲಿನವರೆಗೆ ಕೂಡಿಡಬಾರದು. ಮೊಳಕೆ, ತೆನೆ ಬರುವ ಹೊತ್ತು, ಬೆಂಕಿ ರೋಗ, ಪೈರು ಬೀಳುವುದು, ಒಕ್ಕಣೆ, ಹುಲ್ಲು, ಅಡುಗೆ, ಒಂದೊಂದನ್ನೂ ಅದರದರ ಕಾಲದಲ್ಲೇ ಕೇಳಬೇಕು. ಜೊತೆಗೆ ಪ್ರತಿಯೊಂದೂ ನಿಮ್ಮ ಈಗಿನ ಬೀಜಕ್ಕಿಂತ ಮೇಲೋ ಕೀಳೋ ಎಂದು ಕೇಳಲೇಬೇಕು. ಮೂರೂ ಕಳಪೆಯಾದರೂ ಒಂದು 'ಒಳ್ಳೆಯದು' ಎನಿಸಿಕೊಳ್ಳುತ್ತದಲ್ಲ! ಬೆಳೆ ಹಾಳಾದವರನ್ನು ಪಟ್ಟಿಯಿಂದ ಬಿಡುವುದು ಇನ್ನೊಂದು ದೊಡ್ಡ ತಪ್ಪು. ಬರ ತಾಳದ ತಳಿಯ ಸುದ್ದಿ ಇರುವುದು ಅವರ ಬಳಿಯೇ.

ಪಾಲುದಾರಿಕೆ ಎಲ್ಲಿದೆ?

ಇಷ್ಟೆಲ್ಲ ಸರಿಯಾಗಿ ನಡೆದರೂ ರೈತರು ಸಂಶೋಧನೆಯ ಪಾಲುದಾರರಾದರು ಎನ್ನಲಾಗದು. ಪೊಟ್ಟಣ ಕೊಟ್ಟು ಉತ್ತರ ಪಡೆದರೆ ಅವರು ಪುಕ್ಕಟೆ ಮಾಹಿತಿ ಸಂಗ್ರಾಹಕರಾಗುತ್ತಾರೆ, ಅಷ್ಟೆ. ನಿಜವಾದ ಪರೀಕ್ಷೆ ಬಿತ್ತನೆಗೆ ಮೊದಲೇ ಇದೆ: ಹತ್ತು ತಳಿಗಳನ್ನು ಆರಿಸಿದ್ದು ಯಾರು? ಊರವರು ಉಳಿಸಿಕೊಂಡ ನಾಟಿ ತಳಿ ಅದರಲ್ಲಿದೆಯೇ? ಪ್ರಶ್ನೆಪಟ್ಟಿ ಕಟ್ಟುವಾಗ ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಬೇಕು. ಸಭೆಯಲ್ಲಿ ಗಂಡಸರ ಮುಂದೆ ಕೇಳಿದರೆ ಇಳುವರಿ, ಬೆಲೆಯ ಮಾತೇ ಮುಂದಾಗುತ್ತದೆ. ಒಕ್ಕುವ, ಬೀಸುವ ಕಷ್ಟ ಪಟ್ಟಿಗೇ ಬರುವುದಿಲ್ಲ. ಫಲಿತಾಂಶವನ್ನೂ ಗಂಡಸರದು, ಹೆಂಗಸರದು, ನೀರಾವರಿ, ಖುಷ್ಕಿ ಎಂದು ಬೇರೆ ಬೇರೆಯಾಗಿ ನೋಡಬೇಕು, ಸರಾಸರಿಯಲ್ಲಿ ಸಣ್ಣ ಗುಂಪಿನ ದನಿ ಮುಳುಗಿಹೋಗುತ್ತದೆ.

ಪ್ರಬಂಧ ಅಚ್ಚಾಗುವವರೆಗೆ ಕಾಯದೆ, ಮುಂದಿನ ಬಿತ್ತನೆಗೆ ಮೊದಲೇ ಫಲಿತಾಂಶ ಊರಿಗೆ ಮರಳಬೇಕು. ಪ್ರತಿಯೊಬ್ಬರಿಗೂ ಒಂದು ಹಾಳೆ ಸಾಕು: ನಿಮ್ಮ ಎ, ಬಿ, ಸಿ ಯಾವ ತಳಿಗಳು, ನಿಮ್ಮ ಕ್ರಮವೇನು, ಎಲ್ಲರ ಕ್ರಮವೇನು, ಬೀಜ ಎಲ್ಲಿ ಸಿಗುತ್ತದೆ. ಈ ಕೊನೆಯ ಸಾಲಿಗೆ ಉತ್ತರವಿರಬೇಕಾದರೆ ಬೀಜ ಹೆಚ್ಚಿಸುವವರ ಜೊತೆ ಮೊದಲ ವರ್ಷವೇ ಮಾತಾಗಿರಬೇಕು.